304ರಲ್ಲಿ 168 ಕಳೆದರೆ 264: ನಾಲ್ಕನೇ ತರಗತಿಯ ಒಂದು ಪ್ರಕರಣ ಅಧ್ಯಯನ

ಕಿರುಪರೀಕ್ಷೆಯಲ್ಲಿ ಇದ್ದದ್ದು ಐದೇ ಲೆಕ್ಕ. ಕೊನೆಯದು 304 − 168. ಸರಿ ಉತ್ತರ 136. ತರಗತಿಯ ಅರ್ಧಕ್ಕಿಂತ ಹೆಚ್ಚು ಮಕ್ಕಳು ಅದನ್ನು ತಪ್ಪು ಮಾಡಿದ್ದರು. ದಶಕ ತೆಗೆದುಕೊಂಡು ಕಳೆಯುವ ಪಾಠ ಆ ತರಗತಿಯಲ್ಲಿ ಆಗಲೇ ಎರಡನೇ ಸುತ್ತು ಮುಗಿದಿತ್ತು. ಮೂರನೇ ಸುತ್ತಿಗೆ ಶಿಕ್ಷಕಿ ಸಿದ್ಧರಾಗುತ್ತಿದ್ದರು: ಅದೇ ಕಪ್ಪುಹಲಗೆ, ಅದೇ ವಿವರಣೆ, ಇನ್ನೊಂದಿಷ್ಟು ಹೆಚ್ಚು ಲೆಕ್ಕ. ಐದನೇ ತರಗತಿಗೆ ಗಣಿತ ಹೇಳುವ ನನ್ನ ಬಳಿಗೆ ಮುಂದಿನ ವರ್ಷ ಬರುವವರು ಇದೇ ಮಕ್ಕಳು. ಹಾಗಾಗಿ ಈ ವಿಷಯದಲ್ಲಿ ತಲೆಹಾಕಲು ನನಗೆ ಸ್ವಾರ್ಥವೂ ಇತ್ತು.

ಮೂರನೇ ಸಲ ಅದನ್ನೇ ಹೇಳಿದರೆ ಏನಾಗುತ್ತದೆ ಎಂಬುದು ಪ್ರಾಥಮಿಕ ತರಗತಿಯಲ್ಲಿ ಪಾಠ ಮಾಡಿದ ಯಾರಿಗೂ ಗೊತ್ತು. ಅರ್ಥವಾಗಿದ್ದವರಿಗೆ ಬೇಸರ ಬರುತ್ತದೆ, ಆಗದವರು ಇನ್ನಷ್ಟು ವೇಗವಾಗಿ ತಪ್ಪು ಮಾಡುತ್ತಾರೆ.

ಪತ್ರಿಕೆಗಳ ಗುಡ್ಡೆ

ಮೊದಲು ಮಾಡಿದ ಕೆಲಸ ತೀರಾ ಸಣ್ಣದು. ಉತ್ತರಪತ್ರಿಕೆಗಳನ್ನು ಅಂಕದ ಪ್ರಕಾರ ಜೋಡಿಸುವುದು ಬಿಟ್ಟು, ಐದನೇ ಲೆಕ್ಕಕ್ಕೆ ಯಾವ ಉತ್ತರ ಬಂದಿದೆ ಎಂದು ನೋಡಿ ಮೇಜಿನ ಮೇಲೆ ಗುಡ್ಡೆ ಹಾಕಿದೆವು. ತಪ್ಪು ಎಂದರೆ ಒಬ್ಬೊಬ್ಬರದು ಒಂದೊಂದು ಥರ ಇರುತ್ತದೆ ಎಂದುಕೊಂಡಿದ್ದ ಶಿಕ್ಷಕಿಗೆ ಆಶ್ಚರ್ಯ ಕಾದಿತ್ತು. ಹೆಚ್ಚುಕಡಿಮೆ ಎಲ್ಲ ತಪ್ಪುಗಳೂ ನಾಲ್ಕೇ ಗುಡ್ಡೆಗಳಲ್ಲಿ ಬಿದ್ದವು: 264, 146, 236 ಮತ್ತು 46.

ದೊಡ್ಡ ಗುಡ್ಡೆ 264ರದು. ಇಲ್ಲಿ ಮಗು ಪ್ರತಿ ಸ್ಥಾನದಲ್ಲೂ ದೊಡ್ಡ ಅಂಕಿಯಿಂದ ಚಿಕ್ಕ ಅಂಕಿಯನ್ನು ಕಳೆದಿದೆ. ಮೇಲಿನದು ಯಾವುದು, ಕೆಳಗಿನದು ಯಾವುದು ಎಂದು ನೋಡಿಲ್ಲ. 8ರಲ್ಲಿ 4 ಹೋದರೆ 4, 6ರಲ್ಲಿ 0 ಹೋದರೆ 6, 3ರಲ್ಲಿ 1 ಹೋದರೆ 2. ಇದೇ ಮಕ್ಕಳ ಪತ್ರಿಕೆಯಲ್ಲಿ 52 − 27ಕ್ಕೆ 35 ಎಂದಿತ್ತು. ಅಂದರೆ ಇದು ಅಜಾಗರೂಕತೆ ಅಲ್ಲ, ನಿಯಮ.

ಉಳಿದ ಮೂರು ಗುಡ್ಡೆಗಳ ಮಕ್ಕಳಿಗೆ ದಶಕ ತೆಗೆದುಕೊಳ್ಳುವುದು ಗೊತ್ತು. 52 − 27 ಸರಿಯಾಗಿಯೇ ಬಂದಿದೆ. ಅವರು ಎಡವಿರುವುದು ಸೊನ್ನೆಯ ಬಳಿ. ಸರಿ ಉತ್ತರಕ್ಕೂ ಅವರ ಉತ್ತರಕ್ಕೂ ಎಷ್ಟು ವ್ಯತ್ಯಾಸ ಎಂದು ನೋಡಿದರೆ ಯಾವ ಮೆಟ್ಟಿಲಲ್ಲಿ ಎಡವಿದರು ಎಂಬುದೂ ಕಾಣುತ್ತದೆ. 146ರಲ್ಲಿ ಹತ್ತು ಹೆಚ್ಚಿದೆ. ಬಿಡಿ ಸ್ಥಾನದ 4ನ್ನು 14 ಮಾಡಿಕೊಂಡ ಮಗು, ಪಕ್ಕದಲ್ಲಿ ಸೊನ್ನೆ ಇದೆ, ಅಲ್ಲಿಂದ ತೆಗೆಯಲು ಏನೂ ಇಲ್ಲ ಎಂದು ಸುಮ್ಮನಾಗಿದೆ. ಆಮೇಲೆ ಹತ್ತರ ಸ್ಥಾನಕ್ಕೆ ಬಂದಾಗ ನೂರರಿಂದ ಒಂದು ತಂದು 10 − 6 ಮಾಡಿದೆ. ಮೊದಲ ಹತ್ತು ಎಲ್ಲಿಂದ ಬಂತು ಎಂಬುದಕ್ಕೆ ಲೆಕ್ಕವಿಲ್ಲ. 236ರಲ್ಲಿ ನೂರು ಹೆಚ್ಚಿದೆ. ‘ಸೊನ್ನೆ ಒಂಬತ್ತಾಗುತ್ತದೆ’ ಎಂಬುದು ಮಗುವಿಗೆ ನೆನಪಿದೆ, ಆ ಒಂಬತ್ತಕ್ಕಾಗಿ ನೂರರ ಸ್ಥಾನದ 3 ಎರಡಾಗಬೇಕು ಎಂಬುದು ಮರೆತಿದೆ. 46ರಲ್ಲಿ ತೊಂಬತ್ತು ಕಡಿಮೆ. ಈ ಮಗು ಸೊನ್ನೆಯನ್ನು ಹಾರಿ ನೂರರಿಂದಲೇ ಒಂದನ್ನು ತಂದು ಬಿಡಿಗೆ ಬರೀ ಹತ್ತು ಎಂದು ಸೇರಿಸಿದೆ. ನೂರು ತೆಗೆದು ಹತ್ತು ಕೊಟ್ಟರೆ ನಡುವೆ ತೊಂಬತ್ತು ಮಾಯ. ಹತ್ತರ ಸ್ಥಾನಕ್ಕಾಗಿ ಮತ್ತೊಮ್ಮೆ ನೂರರ ಬಾಗಿಲು ತಟ್ಟಿದೆ, ಅದು ಸರಿಯೇ.

ಇದು ನಮ್ಮಿಬ್ಬರ ಸಂಶೋಧನೆ ಏನಲ್ಲ. ಜಾನ್ ಸೀಲಿ ಬ್ರೌನ್ ಮತ್ತು ರಿಚರ್ಡ್ ಬರ್ಟನ್ ಎಂಬ ಸಂಶೋಧಕರು 1978ರಲ್ಲೇ ಮಕ್ಕಳ ಕಳೆಯುವ ಲೆಕ್ಕದ ತಪ್ಪುಗಳನ್ನು ಹೀಗೆ ಬಿಡಿಸಿಟ್ಟಿದ್ದರು. ಕಂಪ್ಯೂಟರ್ ಪ್ರೋಗ್ರಾಮಿನ ದೋಷಕ್ಕೆ ಹೇಳುವ ‘ಬಗ್’ ಎಂಬ ಹೆಸರನ್ನೇ ಅವಕ್ಕೆ ಇಟ್ಟರು. ಮಗು ಕ್ರಮ ತಪ್ಪಿ ಮಾಡುತ್ತಿಲ್ಲ, ತಪ್ಪಾದ ಕ್ರಮವನ್ನು ಶಿಸ್ತಾಗಿ ಪಾಲಿಸುತ್ತಿದೆ ಎಂಬುದು ಅವರ ಮಾತಿನ ಸಾರ. ಮುಂದೆ ಕರ್ಟ್ ವ್ಯಾನ್‌ಲೆನ್ ಜೊತೆ ಸೇರಿ ಬ್ರೌನ್ ಇನ್ನೂ ಒಂದು ಮಾತು ಸೇರಿಸಿದರು: ದಾರಿ ಮುಚ್ಚಿದ ಕಡೆ ಮಗು ಕೈಕಟ್ಟಿ ಕೂರುವುದಿಲ್ಲ, ತನಗೆ ತೋಚಿದ ತೇಪೆ ಹಾಕಿ ಮುಂದೆ ಹೋಗುತ್ತದೆ. 146, 236, 46 ಮೂರೂ ಸೊನ್ನೆಯ ಮೇಲೆ ಹಾಕಿದ ಮೂರು ಬಗೆಯ ತೇಪೆಗಳು.

ನಾಲ್ಕೂ ಗುಡ್ಡೆಗೆ ಸೇರದ ಪತ್ರಿಕೆಗಳು ಕೆಲವಿದ್ದವು. ಅವುಗಳ ವಿಷಯ ಆಮೇಲೆ.

ನಿಯಮ ಎಲ್ಲಿಂದ ಬಂತು

264 ಬರೆದ ಹುಡುಗಿಯೊಬ್ಬಳನ್ನು ಶಿಕ್ಷಕಿ ಪಕ್ಕಕ್ಕೆ ಕೂರಿಸಿಕೊಂಡು ಕೇಳಿದರು. “ಈ ಆರು ಹೇಗೆ ಬಂತು ಮರಿ?”

ಹುಡುಗಿ ಸುಮ್ಮನೆ ಕೂತಳು. ಸಾಮಾನ್ಯವಾಗಿ ಇಂಥ ಕಡೆ ನಾವೇ ಉತ್ತರ ತುಂಬಿಬಿಡುತ್ತೇವೆ. ಪ್ರಶ್ನೆ ಕೇಳಿದ ಶಿಕ್ಷಕರು ಸರಾಸರಿ ಒಂದು ಸೆಕೆಂಡು ಮಾತ್ರ ಕಾಯುತ್ತಾರೆ, ಅದನ್ನು ಮೂರು ಸೆಕೆಂಡಿಗೆ ಏರಿಸಿದರೂ ಮಕ್ಕಳ ಉತ್ತರ ಉದ್ದವಾಗುತ್ತದೆ, ‘ಗೊತ್ತಿಲ್ಲ’ ಎನ್ನುವುದು ಕಡಿಮೆಯಾಗುತ್ತದೆ ಎಂದು ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ 1970ರ ದಶಕದಲ್ಲಿ ತರಗತಿಗಳನ್ನು ಗಮನಿಸಿ ಬರೆದಿದ್ದರು. ಶಿಕ್ಷಕಿ ಕಾದರು.

“ಆರರಲ್ಲಿ ಸೊನ್ನೆ ಕಳೆದೆ ಮಿಸ್.”

“ಮೇಲೆ ಯಾವುದಿದೆ?”

“ಸೊನ್ನೆ. ಸೊನ್ನೆಯಲ್ಲಿ ಆರು ಹೋಗಲ್ಲ. ದೊಡ್ಡದರಲ್ಲಿ ಚಿಕ್ಕದನ್ನ ಕಳೀಬೇಕು ಅಂತ ಹೇಳಿಕೊಟ್ಟಿದ್ದಾರಲ್ವಾ.”

ಹೇಳಿಕೊಟ್ಟಿದ್ದು ನಿಜ. ಎಲ್ಲ ಕಡೆಯೂ ಹೇಳಿಕೊಡುತ್ತಾರೆ. ಎರಡನೇ ತರಗತಿಯಲ್ಲಿ 86 − 34, 59 − 27 ಥರದ ಲೆಕ್ಕಗಳೇ ತಿಂಗಳುಗಟ್ಟಲೆ ನಡೆಯುತ್ತವೆ. ಅಲ್ಲೆಲ್ಲ ಮೇಲಿನ ಅಂಕಿಯೇ ದೊಡ್ಡದು. ದೊಡ್ಡದರಿಂದ ಚಿಕ್ಕದನ್ನು ಕಳೆಯುವ ಮಗುವಿಗೂ, ಮೇಲಿನದರಿಂದ ಕೆಳಗಿನದನ್ನು ಕಳೆಯುವ ಮಗುವಿಗೂ ಒಂದೇ ಉತ್ತರ, ಒಂದೇ ಶಹಬ್ಬಾಸ್. ಮೊದಲನೆಯ ಮಗು ತನ್ನ ನಿಯಮವನ್ನು ಅಷ್ಟು ದಿನ ಪರೀಕ್ಷಿಸಿ, ಪ್ರತಿ ಸಲವೂ ಸರಿ ಎಂದು ಗುರುತು ಪಡೆದು, ನಂಬಿ ಕೂತಿದೆ. ಅದನ್ನು ಹಲಗೆಯ ಮೇಲಿನ ಒಂದು ವಿವರಣೆಯಿಂದ ಅಲ್ಲಾಡಿಸುವುದು ಕಷ್ಟ. ನನ್ನ ಮಟ್ಟಿಗೆ ಇಡೀ ಪ್ರಕರಣದ ಬೇರು ಇಲ್ಲೇ ಇದೆ. ಉಳಿದ ಚಟುವಟಿಕೆಗಳೆಲ್ಲ ಚಿಕಿತ್ಸೆ.

ಈ ಗುಂಪಿಗೆ ಶಿಕ್ಷಕಿ ಮೊದಲು ಕೊಟ್ಟದ್ದು ಲೆಕ್ಕವನ್ನಲ್ಲ, ಚೀಟಿಗಳನ್ನು. ಒಂದೊಂದು ಚೀಟಿಯಲ್ಲಿ ಒಂದೊಂದು ಕಳೆಯುವ ಲೆಕ್ಕ: 86 − 34, 52 − 27, 70 − 40, 61 − 58, 345 − 121, 304 − 168. ಉತ್ತರ ಕಂಡುಹಿಡಿಯಲೇಬಾರದು. ‘ಕಟ್ಟು ಬಿಚ್ಚಬೇಕು’ (ಹತ್ತು ಕಡ್ಡಿಯ ಕಟ್ಟು ಬಿಚ್ಚಿದಂತೆ ದಶಕ ತೆಗೆದುಕೊಳ್ಳಬೇಕು), ‘ಬಿಚ್ಚಬೇಕಿಲ್ಲ’ ಎಂದು ಎರಡು ಪಾಲು ಮಾಡಿ, ಯಾಕೆ ಎಂದು ಜೊತೆಯವರಿಗೆ ಹೇಳಬೇಕು. ಮೊದಲು ಒಬ್ಬರೇ ಯೋಚಿಸುವುದು, ಆಮೇಲೆ ಜೊತೆಗಾರರಿಗೆ ಹೇಳುವುದು, ಕೊನೆಗೆ ಎಲ್ಲರ ಮುಂದಿಡುವುದು. ಅಮೆರಿಕದ ಶಿಕ್ಷಣತಜ್ಞ ಫ್ರಾಂಕ್ ಲೈಮನ್ 1981ರಲ್ಲಿ ವಿವರಿಸಿದ, ಈಗ ಎಲ್ಲ ಕಡೆ ಬಳಕೆಯಲ್ಲಿರುವ ಕ್ರಮ. ಉತ್ತರ ಬರೆಯುವ ಆತುರ ಇಲ್ಲದ್ದರಿಂದ ಮಕ್ಕಳು ಮೊದಲ ಸಲ ಲೆಕ್ಕವನ್ನು ನಿಂತು ನೋಡಿದರು. 61 − 58ರ ಮೇಲೆ ಒಳ್ಳೆಯ ಜಗಳವೇ ಆಯಿತು. “ಅರುವತ್ತೊಂದು ದೊಡ್ಡದು ಕಣೇ, ಬಿಚ್ಚೋದು ಯಾಕೆ?” ಎಂದು ಒಬ್ಬ, “ಒಂದು ಕಡ್ಡಿ ಇಟ್ಕೊಂಡು ಎಂಟು ಹೇಗೆ ಕೊಡ್ತೀಯಾ?” ಎಂದು ಇನ್ನೊಬ್ಬಳು.

ಕಡ್ಡಿಕಟ್ಟು, ಮತ್ತು ಅದು ಕೈಕೊಟ್ಟ ಬಗೆ

ಕಡ್ಡಿಗಳ ಕಟ್ಟು ಹೊಸದಲ್ಲ. ಹತ್ತು ಕಡ್ಡಿಗೆ ಒಂದು ರಬ್ಬರ್ ಬ್ಯಾಂಡ್, ಅಂಥ ಹತ್ತು ಕಟ್ಟಿಗೆ ಮತ್ತೊಂದು ದೊಡ್ಡ ಬ್ಯಾಂಡ್. ನೆಲದ ಮೇಲೆ ಸೀಮೆಸುಣ್ಣದಿಂದ ಮೂರು ಮನೆ: ನೂರು, ಹತ್ತು, ಬಿಡಿ. 304 ಎಂದರೆ ಮೂರು ದೊಡ್ಡ ಕಟ್ಟು, ಹತ್ತರ ಮನೆ ಖಾಲಿ, ನಾಲ್ಕು ಬಿಡಿ ಕಡ್ಡಿ. ಇದರಿಂದ 168 ಕೊಡಬೇಕು.

ಎಂಟು ಕಡ್ಡಿ ಬೇಕು, ಇರುವುದು ನಾಲ್ಕು. ಹತ್ತರ ಕಟ್ಟು ಒಂದೂ ಇಲ್ಲ. ಬೇರೆ ದಾರಿಯಿಲ್ಲದೆ ಮಗು ದೊಡ್ಡ ಕಟ್ಟಿಗೆ ಕೈಹಾಕುತ್ತದೆ. ಬ್ಯಾಂಡ್ ತೆಗೆದರೆ ಕೈಗೆ ಬರುವುದು ಬಿಡಿ ಕಡ್ಡಿಯಲ್ಲ, ಹತ್ತರ ಹತ್ತು ಕಟ್ಟು. ಅವನ್ನು ಖಾಲಿ ಮನೆಯಲ್ಲಿಟ್ಟು, ಅದರಲ್ಲಿ ಒಂದನ್ನು ಬಿಚ್ಚಿ ಬಿಡಿಯ ಮನೆಗೆ ಸುರಿದ ಮೇಲೆ ನೆಲದ ಮೇಲೆ ಉಳಿಯುವುದು ಎರಡು ದೊಡ್ಡ ಕಟ್ಟು, ಒಂಬತ್ತು ಸಣ್ಣ ಕಟ್ಟು, ಹದಿನಾಲ್ಕು ಕಡ್ಡಿ. ‘ಸೊನ್ನೆ ಒಂಬತ್ತಾಗುತ್ತದೆ’ ಎಂದು ಬಾಯಿಪಾಠ ಮಾಡಿದ್ದ ಮಕ್ಕಳಿಗೆ ಆ ಒಂಬತ್ತು ಎಲ್ಲಿಂದ ಬಂತು ಎಂಬುದು ಇಲ್ಲಿ ಕಣ್ಣಿಗೆ ಬೀಳುತ್ತದೆ. ಹತ್ತು ಬಂದಿತ್ತು, ಒಂದನ್ನು ಮುಂದಕ್ಕೆ ಕೊಟ್ಟಾಯಿತು. ನೂರನ್ನು ಬಿಚ್ಚಿ ಬರೀ ಹತ್ತು ಕಡ್ಡಿ ಎತ್ತಿಕೊಳ್ಳಲು ಸಾಧ್ಯವೇ ಇಲ್ಲ; ಉಳಿದ ಒಂಬತ್ತು ಕಟ್ಟು ಎದುರಿಗೇ ಬಿದ್ದಿರುತ್ತವೆ. ಹಾಗಾಗಿ 46ರ ತಪ್ಪು ನೆಲದ ಮೇಲೆ ಆಗುವುದಿಲ್ಲ.

ಆದರೆ ಪುಸ್ತಕದಲ್ಲಿ ಆಗುತ್ತದೆ. ಕಡ್ಡಿಯಲ್ಲಿ ಲೆಕ್ಕವನ್ನು ಚೊಕ್ಕವಾಗಿ ಮಾಡಿದ ಮಕ್ಕಳೇ ಹಿಂದಿರುಗಿ ಹೋಗಿ ಬೆಂಚಿನಲ್ಲಿ ಕೂತು ಮತ್ತೆ 264, ಮತ್ತೆ 236 ಬರೆದರು. ಕಡ್ಡಿ ಒಂದು ಆಟ, ಲೆಕ್ಕ ಇನ್ನೊಂದು ಕೆಲಸ. ಎರಡಕ್ಕೂ ಸಂಬಂಧವಿದೆ ಎಂದು ಯಾರೂ ಅವರಿಗೆ ಹೇಳಿರಲಿಲ್ಲ, ಹೇಳಿದರೂ ಬರೀ ಮಾತಿನಿಂದ ಅದು ಬರುವಂಥದ್ದಲ್ಲ. ಕಲಿಕಾ ಸಾಮಗ್ರಿಯ ಬಗ್ಗೆ ನಾವು ಬಹಳ ಭಾವುಕರಾಗಿ ಮಾತಾಡುತ್ತೇವೆ. ಸಾಮಗ್ರಿ ಮುಟ್ಟಿಸಿದರೆ ಸಾಕು, ಕಲಿಕೆ ಆದಂತೆ ಎಂಬ ಧಾಟಿಯಲ್ಲಿ. ಬಿಡಿ, ಹತ್ತು, ನೂರನ್ನು ತೋರಿಸುವ, ಗಣಿತಜ್ಞ ಝೋಲ್ಟಾನ್ ಡೀನ್ಸ್ ಹೆಸರಿನ ಮರದ ಘನಗಳು ಬೀರುವಿನಲ್ಲಿ ಇರುವ ಶಾಲೆಗಳಲ್ಲೂ 264 ಬರೆಯುವ ಮಕ್ಕಳಿದ್ದಾರೆ.

ಕೈಯ ಕೆಲಸದ ಪ್ರತಿ ಹೆಜ್ಜೆಗೂ ಆಗಿಂದಾಗಲೇ ಬರಹದ ಹೆಜ್ಜೆಯನ್ನು ಜೋಡಿಸಬೇಕು ಎಂದು 1980ರ ದಶಕದಲ್ಲಿ ಶಿಕ್ಷಣ ಮನೋವಿಜ್ಞಾನಿ ಲಾರೆನ್ ರೆಸ್ನಿಕ್ ಪ್ರಯತ್ನಿಸಿ ನೋಡಿದ್ದರು. ಅವರಿಗೂ ಅದು ಎಲ್ಲ ಮಕ್ಕಳಲ್ಲಿ ಫಲಿಸಲಿಲ್ಲ. ಆದರೂ ನಮ್ಮ ಕೈಲಿದ್ದ ಉಪಾಯಗಳಲ್ಲಿ ಅದೇ ಹತ್ತಿರದ್ದು. ಶಿಕ್ಷಕಿ ಅದನ್ನು ಜೋಡಿ ಕೆಲಸವಾಗಿ ಮಾಡಿದರು. ಒಬ್ಬರು ಕಡ್ಡಿ ಹಿಡಿಯುವವರು, ಒಬ್ಬರು ಬರೆಯುವವರು. ಬರೆಯುವವರು ಕಡ್ಡಿ ಮುಟ್ಟುವಂತಿಲ್ಲ, ಕಡ್ಡಿಯವರು ಪೆನ್ಸಿಲ್ ಮುಟ್ಟುವಂತಿಲ್ಲ. ಕಟ್ಟು ಬಿಚ್ಚುವಾಗ ಬಾಯಿಬಿಟ್ಟು ಹೇಳಬೇಕು: “ಒಂದು ನೂರು ಬಿಚ್ಚಿದೆ, ಹತ್ತು ಹತ್ತು ಬಂತು.” ಆಗ ಮಾತ್ರ ಬರೆಯುವವರು 3ನ್ನು ಹೊಡೆದು 2 ಮಾಡಿ, ಸೊನ್ನೆಯ ಮೇಲೆ 10 ಬರೆಯಬೇಕು. “ಒಂದು ಹತ್ತು ಬಿಚ್ಚಿದೆ.” ಆಗ 10 ಹೊಡೆದು 9, 4ರ ಮೇಲೆ 14. ಕೈ ಮಾಡದ ಕೆಲಸವನ್ನು ಪೆನ್ಸಿಲ್ ಮಾಡಬಾರದು, ಕೈ ಮಾಡಿದ್ದನ್ನು ಪೆನ್ಸಿಲ್ ಬಿಡಬಾರದು. ಮುಂದಿನ ಲೆಕ್ಕಕ್ಕೆ ಪಾತ್ರ ಅದಲುಬದಲು.

ಈ ಚಿಕ್ಕ ನಿರ್ಬಂಧ ಮಾಡಿದ ಕೆಲಸ ದೊಡ್ಡದು. 236ರ ಗುಂಪಿನ ಹುಡುಗನೊಬ್ಬ ಬರೆಯುವ ಸರದಿಯಲ್ಲಿ ಸೊನ್ನೆಯನ್ನು ನೇರ 9 ಮಾಡಲು ಹೊರಟಾಗ ಕಡ್ಡಿ ಹಿಡಿದವಳು ತಡೆದಳು. “ನಾನಿನ್ನೂ ಏನೂ ಬಿಚ್ಚಿಲ್ಲ.” ಶಿಕ್ಷಕಿ ಹಲವು ಸಲ ಹೇಳಿದ್ದು ಅವನ ತಲೆಗೆ ಹತ್ತಿರಲಿಲ್ಲ, ಜೊತೆಗಾತಿಯ ಒಂದು ಮಾತಿಗೆ ಹತ್ತಿತು.

ಮಾಡಿ ನೋಡುವವರಿಗೆ ಕೆಲವು ವ್ಯಾವಹಾರಿಕ ವಿಷಯ. ಪ್ರತಿ ಜೋಡಿಗೂ ಮುನ್ನೂರು ಕಡ್ಡಿ ಕೊಡುವುದು ಆಗದ ಮಾತು. ಇಡೀ ತರಗತಿಗೆ ಒಂದೇ ದೊಡ್ಡ ಜೊತೆ ಇಟ್ಟುಕೊಂಡು ಕಾಣುವ ಜಾಗದಲ್ಲಿ ಸರದಿಯಂತೆ ಮಾಡಿಸಿ, ಜೋಡಿಗಳಿಗೆ ಚೌಕದ ಹಾಳೆಯಿಂದ ಕತ್ತರಿಸಿದ ತುಂಡು ಕೊಡಬಹುದು: ಹತ್ತು ಹತ್ತರ ಚೌಕ ನೂರು, ಒಂದು ಸಾಲು ಹತ್ತು, ಒಂದು ಮನೆ ಬಿಡಿ. ಆದರೆ ಕ್ರಮ ಇದೇ ಇರಲಿ, ಕಡ್ಡಿ ಮೊದಲು, ಹಾಳೆ ಆಮೇಲೆ. ಕಡ್ಡಿಯ ಕಟ್ಟು ಬಿಚ್ಚಿದರೆ ಒಳಗಿದ್ದದ್ದೇ ಹೊರಬರುತ್ತದೆ. ಹಾಳೆಯ ಚೌಕವನ್ನು ಕೊಟ್ಟು ಹತ್ತು ಸಾಲು ಬದಲಿ ಪಡೆಯಬೇಕು. ಬದಲಿ ಪಡೆಯುವುದು ಒಂದು ಮೆಟ್ಟಿಲು ಮೇಲಿನ ಕೆಲಸ, ಎರಡೂ ಸಮ ಎಂದು ಮಗು ಮೊದಲೇ ಒಪ್ಪಿರಬೇಕು. ಕೊನೆಗೆ ಸಾಮಗ್ರಿಯೂ ಬೇಡ. ಪುಸ್ತಕದ ಅಂಚಿನಲ್ಲಿ ನೂರಕ್ಕೆ ಚೌಕ, ಹತ್ತಕ್ಕೆ ಗೀಟು, ಒಂದಕ್ಕೆ ಚುಕ್ಕೆ. ಮನೋವಿಜ್ಞಾನಿ ಜೆರೋಮ್ ಬ್ರೂನರ್ 1960ರ ದಶಕದಲ್ಲಿ ಹೇಳಿದ ಕೈ, ಚಿತ್ರ, ಸಂಕೇತ ಎಂಬ ಮೂರು ಹಂತಗಳಲ್ಲಿ ನಡುವಿನ ಚಿತ್ರವನ್ನೇ ನಾವು ಅವಸರದಲ್ಲಿ ಹಾರಿಬಿಡುವುದು.

ಸರಿ ಮಾಡಿದವರು, ಗುಡ್ಡೆಗೆ ಸೇರದವರು

ಐದಕ್ಕೆ ಐದು ಪಡೆದವರನ್ನು ಏನು ಮಾಡುವುದು? ಅವರಿಗೆ ಇನ್ನಷ್ಟು ಲೆಕ್ಕ ಕೊಡುವುದೆಂದರೆ ಸರಿ ಮಾಡಿದ್ದಕ್ಕೆ ಶಿಕ್ಷೆ. ಶಿಕ್ಷಕಿ ಅವರಿಗೆ ಪತ್ತೆದಾರಿ ಕೆಲಸ ಕೊಟ್ಟರು. ಹಲಗೆಯ ಮೂಲೆಯಲ್ಲಿ 702 − 358 ಎಂದು ಬರೆದು, ಕೆಳಗೆ ನಾಲ್ಕು ತಪ್ಪು ಉತ್ತರ: 456, 354, 444, 254. ಪ್ರತಿ ಉತ್ತರ ಬರೆದ ಮಗು ಏನು ಯೋಚಿಸಿರಬಹುದು? (ಸರಿ ಉತ್ತರ 344.) ಎಲ್ಲವೂ ಶಿಕ್ಷಕಿಯದೇ ಕೈಬರಹ, ಯಾರ ಹೆಸರೂ ಇಲ್ಲ, ಲೆಕ್ಕವೂ ಬೇರೆ, ತಪ್ಪು ಮಾತ್ರ ತರಗತಿಯದು. ಇದರಲ್ಲಿ ಎಡವಿದ ಜಾಣರೂ ಇದ್ದರು. ಕ್ರಮವನ್ನು ಕಣ್ಣುಮುಚ್ಚಿ ಸರಿಯಾಗಿ ಮಾಡುವ ಹುಡುಗನೊಬ್ಬನಿಗೆ 254 ಹೇಗೆ ಬಂತು ಎಂಬುದು ಹೊಳೆಯಲೇ ಇಲ್ಲ. ಸೊನ್ನೆ ಯಾಕೆ ಒಂಬತ್ತಾಗುತ್ತದೆ ಎಂದು ಕೇಳಿದಾಗ “ಹಾಗೇ ಮಾಡ್ಬೇಕು” ಎಂದ. ಅವನನ್ನೂ ಕಡ್ಡಿಯ ಜೋಡಿಗೆ ಸೇರಿಸಬೇಕಾಯಿತು. ಪೂರ್ತಿ ಅಂಕ ಬಂದ ಪತ್ರಿಕೆ ಇದನ್ನು ಎಂದೂ ಹೇಳುತ್ತಿರಲಿಲ್ಲ.

ಯಾವ ಗುಡ್ಡೆಗೂ ಸೇರದ ಪತ್ರಿಕೆಗಳಲ್ಲಿ ಒಂದರ ತೊಂದರೆ ಕಳೆಯುವುದಕ್ಕೆ ಸಂಬಂಧಿಸಿದ್ದೇ ಅಲ್ಲ. ಅಂಕಿಗಳು ವಾರೆಯಾಗಿ ಇಳಿದು, ಹತ್ತರ ಕೆಳಗೆ ಬಿಡಿ ಬಂದು ಕೂತಿತ್ತು. ಗೀಟಿನ ಪುಸ್ತಕವನ್ನು ಅಡ್ಡ ತಿರುಗಿಸಿ ಇಟ್ಟುಕೊಂಡರೆ ಗೀಟುಗಳೇ ಕಂಬಸಾಲುಗಳಾಗುತ್ತವೆ. ಆ ಮಗುವಿಗೆ ಬೇಕಾಗಿದ್ದದ್ದು ಅಷ್ಟೇ. ಇನ್ನೊಂದು ಮಗು ಎಲ್ಲ ಹೆಜ್ಜೆಯನ್ನೂ ಸರಿಯಾಗಿ ಇಟ್ಟು, 14 − 8ನ್ನು ಬೆರಳಲ್ಲಿ ಹಿಂದಕ್ಕೆ ಎಣಿಸುವಾಗ ತಪ್ಪುತ್ತಿತ್ತು. ಒಮ್ಮೆ 5, ಒಮ್ಮೆ 7. ಅದಕ್ಕೆ ಹತ್ತರ ಬಳಿ ನಿಂತು ಹೋಗುವುದನ್ನು ಕಲಿಸಿದರು: 14ರಲ್ಲಿ ಮೊದಲು 4 ಕಳೆದರೆ 10, ಇನ್ನು ಉಳಿದ 4 ಕಳೆದರೆ 6. ಈ ಇಬ್ಬರಿಗೂ ಕಡ್ಡಿಕಟ್ಟು ಕೊಟ್ಟಿದ್ದರೆ ಸಮಯ ಹಾಳಾಗುತ್ತಿತ್ತು.

ಗುಂಪುಗಳಿಗೆ ಹೆಸರು ಇಡಲಿಲ್ಲ, ಎರಡು ದಿನಕ್ಕಿಂತ ಹೆಚ್ಚು ಒಂದೇ ಗುಂಪಾಗಿ ಇಡಲೂ ಇಲ್ಲ. ತರಗತಿ ಮುಗಿಯುವ ಮುನ್ನ ಪ್ರತಿ ಮಗುವೂ ಒಂದೇ ಲೆಕ್ಕ ಮಾಡಿದ ಚೀಟಿ ಕೊಟ್ಟು ಹೊರಡಬೇಕು. ಆ ಚೀಟಿಯ ಉತ್ತರವೇ ಮರುದಿನದ ಗುಂಪನ್ನು ತೀರ್ಮಾನಿಸುತ್ತಿತ್ತು.

ಮನೆಯಿಂದ ಬಂದ ಇನ್ನೊಂದು ಕ್ರಮ

ನಡುವೆ ಒಂದು ತೊಡಕು. ಹುಡುಗಿಯೊಬ್ಬಳು ಮೇಲಿನ ಅಂಕಿಯನ್ನು ಹೊಡೆಯದೆ ಕೆಳಗಿನ ಅಂಕಿಗೆ ಒಂದು ಸೇರಿಸಿಕೊಂಡು ಸರಿ ಉತ್ತರ ತರುತ್ತಿದ್ದಳು: 14ರಲ್ಲಿ 8 ಹೋದರೆ 6, 6ಕ್ಕೆ 1 ಸೇರಿ 7, 10ರಲ್ಲಿ 7 ಹೋದರೆ 3, 1ಕ್ಕೆ 1 ಸೇರಿ 2, 3ರಲ್ಲಿ 2 ಹೋದರೆ 1. ಮನೆಯ ಹಿರಿಯರು ಕಲಿಸಿದ್ದು. ಇದು ಸರಿಯಾದ ಕ್ರಮವೇ. ಎರಡೂ ಸಂಖ್ಯೆಗಳಿಗೆ ಸಮನಾಗಿ ಸೇರಿಸಿದರೆ ವ್ಯತ್ಯಾಸ ಬದಲಾಗುವುದಿಲ್ಲ ಎಂಬುದೇ ಅದರ ಆಧಾರ. ಸೊನ್ನೆ ಇದ್ದರೂ ಅದಕ್ಕೆ ತೊಂದರೆಯಿಲ್ಲ. ಅಮೆರಿಕದ ಶಿಕ್ಷಣ ಸಂಶೋಧಕ ವಿಲಿಯಂ ಬ್ರೌನೆಲ್ 1949ರಲ್ಲಿ ಈ ಎರಡೂ ಕ್ರಮಗಳನ್ನು ಮೂರನೇ ತರಗತಿಯ ಮಕ್ಕಳಲ್ಲಿ ಹೋಲಿಸಿದಾಗ, ಅರ್ಥ ತಿಳಿಸಿ ಕಲಿಸಿದರೆ ಕಟ್ಟು ಬಿಚ್ಚುವ ಕ್ರಮ ಮುಂದಿತ್ತು, ಯಾಂತ್ರಿಕವಾಗಿ ಕಲಿಸಿದರೆ ಸಮನಾಗಿ ಸೇರಿಸುವ ಕ್ರಮ ವಾಸಿ ಎನಿಸಿತ್ತು. ಶಿಕ್ಷಕಿ ಅವಳ ಕ್ರಮವನ್ನು ಬಿಡಿಸಲಿಲ್ಲ. ಆದರೆ ಪಕ್ಕದವರು ಅದನ್ನು ಅರ್ಧ ನೋಡಿಕೊಂಡು ಎರಡೂ ಕ್ರಮ ಬೆರೆಸಲು ಶುರುಮಾಡಿದ್ದರಿಂದ, ಒಂದು ದಿನ ಅದಕ್ಕೇ ಮೀಸಲಿಟ್ಟರು. 304 − 168, 306 − 170, 299 − 163 ಮೂರನ್ನೂ ಹಲಗೆಯಲ್ಲಿ ಬರೆದು ಉತ್ತರ ಒಂದೇ ಯಾಕೆ ಎಂದು ಕೇಳಿದರು. ಎರಡರಿಂದಲೂ 5 ತೆಗೆದರೆ ಕಟ್ಟು ಬಿಚ್ಚುವ ಕೆಲಸವೇ ಇಲ್ಲ ಎಂಬುದು ಗೊತ್ತಾದಾಗ ಮಕ್ಕಳಿಗೆ ಮೋಸದಾಟ ಸಿಕ್ಕಷ್ಟು ಖುಷಿ.

ಮರುಪರೀಕ್ಷೆ

ಕೆಲವು ವಾರ ಬಿಟ್ಟು ಪಾಠ ಬೇರೆ ಕಡೆ ಹೊರಳಿದ ಮೇಲೆ, ಮುನ್ಸೂಚನೆ ಕೊಡದೆ ಮತ್ತೆ ಐದು ಲೆಕ್ಕ. ದೊಡ್ಡ ಗುಡ್ಡೆ, ಅಂದರೆ ದೊಡ್ಡದರಿಂದ ಚಿಕ್ಕದನ್ನು ಕಳೆಯುವುದು, ಬಹುಮಟ್ಟಿಗೆ ಕರಗಿತ್ತು. ತೊಂಬತ್ತು ಮಾಯವಾಗುವ ತಪ್ಪು ಒಂದೂ ಇರಲಿಲ್ಲ. ನೂರು ಹೆಚ್ಚು ಬರುವ ತಪ್ಪು ಕೆಲವರಲ್ಲಿ ಉಳಿದಿತ್ತು. ಐದನೇ ಲೆಕ್ಕವಾಗಿ ಶಿಕ್ಷಕಿ ಬೇಕೆಂದೇ 4003 − 1567 ಕೊಟ್ಟಿದ್ದರು. ಉತ್ತರ 2436. ಅಲ್ಲಿ ಮೂರಂಕಿಯಲ್ಲಿ ಚೊಕ್ಕವಾಗಿದ್ದ ಮಕ್ಕಳೂ 3436 ಬರೆದಿದ್ದರು. ಎರಡು ಸೊನ್ನೆಗೂ ಒಂಬತ್ತು ಹಾಕಿ, ಸಾವಿರದ 4ನ್ನು ಮುಟ್ಟದೆ ಬಿಟ್ಟಿದ್ದರು. ಸಾವಿರ ಕಡ್ಡಿಯ ಕಟ್ಟನ್ನು ಅವರು ಕಂಡಿರಲಿಲ್ಲ, ಕಟ್ಟಿ ತೋರಿಸುವುದೂ ಸುಲಭವಲ್ಲ.

ಅದಕ್ಕೆ ಶಿಕ್ಷಕಿ ಮತ್ತೆ ಕಡ್ಡಿಗೆ ಹೋಗಲಿಲ್ಲ. ಉತ್ತರವನ್ನು ತೂಗಿ ನೋಡುವ ಅಭ್ಯಾಸ ಹಚ್ಚಿದರು. ನೆದರ್ಲೆಂಡ್ಸ್‌ನ ತರಗತಿಗಳಲ್ಲಿ ಬಳಕೆಗೆ ಬಂದ ಖಾಲಿ ಸಂಖ್ಯಾರೇಖೆ ಇದಕ್ಕೆ ಅನುಕೂಲ. ಅಂಕಿಗಳಿಲ್ಲದ ಒಂದು ಗೀಟು ಎಳೆದು, 168ರಿಂದ 304ಕ್ಕೆ ಜಿಗಿಯಬೇಕು: 2 ಜಿಗಿದರೆ 170, 30 ಜಿಗಿದರೆ 200, 100 ಜಿಗಿದರೆ 300, ಇನ್ನು 4. ಒಟ್ಟು 136. ನಾಲ್ಕಂಕಿಯಲ್ಲಿ 1567ರಿಂದ 4003ಕ್ಕೆ: 33, 400, 2000, 3. ಒಟ್ಟು 2436. ಮೂರೂವರೆ ಸಾವಿರದ ಹತ್ತಿರ ಉತ್ತರ ಬರೆದ ಮಗುವೇ ತನ್ನ ಜಿಗಿತ ನೋಡಿ ಹುಬ್ಬುಗಂಟಿಕ್ಕಿತು.

ಕೆಲವರಲ್ಲಿ ತಪ್ಪು ಇನ್ನೂ ಇದೆ. ಅವರಲ್ಲಿ ಒಬ್ಬ ಬೆಳಗಿನ ಅವಧಿಯಲ್ಲಿ ಸರಿ ಮಾಡಿ, ಕೊನೆಯ ಅವಧಿಯಲ್ಲಿ 236ರ ಥರದ ಉತ್ತರ ಬರೆಯುತ್ತಾನೆ. ಅವನ ಚೀಟಿಗಳನ್ನು ಶಿಕ್ಷಕಿ ಬೇರೆಯಾಗಿ ಇಟ್ಟಿದ್ದಾರೆ, ಮುಂದಿನ ವರ್ಷ ಅವು ನನ್ನ ಕೈಗೆ ಬರುತ್ತವೆ. ಎರಡನೇ ತರಗತಿಯ ಶಿಕ್ಷಕರ ಜೊತೆ ಕೂತು ಮಾತಾಡಿದ್ದೂ ಆಯಿತು: 86 − 34 ಥರದ ಲೆಕ್ಕಗಳನ್ನೇ ಪುಟಗಟ್ಟಲೆ ಮಾಡಿಸುವ ಬದಲು ಮೊದಲ ವಾರದಿಂದಲೇ ನಡುನಡುವೆ 52 − 27 ಇರಲಿ, ಉತ್ತರ ಬೇಡ, ಕಟ್ಟು ಬಿಚ್ಚಬೇಕೋ ಬೇಡವೋ ಎಂದಷ್ಟೇ ಮಕ್ಕಳು ಹೇಳಲಿ ಎಂದು. ಚೀಟಿಗಳ ಒಂದು ಪ್ರತಿಯನ್ನು ಅವರಿಗೂ ಕೊಟ್ಟಿದ್ದೇವೆ.